ಮಾಡೆಲ್ ಕಾರು ನಿಜದ ಗಾಡಿಯಂತೆ ಕಾಣದಿದ್ದರೆ: ತಪ್ಪನ್ನು ಕೆಳಗಿನಿಂದ ಮೇಲಕ್ಕೆ ಹುಡುಕಿ

ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಮಾಡೆಲ್ ಕಾರು ಮಾಡುವ ಕಿಟ್ ಕಟ್ಟಿ ಮುಗಿಸಿದ್ದೀರಿ. ಬಣ್ಣ ಚೆನ್ನಾಗಿ ಕೂತಿದೆ, ಅಂಟು ಎಲ್ಲೂ ಕಾಣುತ್ತಿಲ್ಲ, ಗಾಜು ಸ್ವಚ್ಛವಾಗಿದೆ. ಆದರೂ ಏನೋ ಸರಿಯಿಲ್ಲ. ಏನು ಅಂತ ಬೆರಳಿಟ್ಟು ತೋರಿಸೋಕೆ ಆಗುತ್ತಿಲ್ಲ. ಮುಂಬೈಯಲ್ಲಿ ಈ ಹುಚ್ಚು ಹಿಡಿದ ಕನ್ನಡದವರು ನಾವು ನಾಲ್ಕಾರು ಜನ ಇದ್ದೇವೆ. ಮಾಟುಂಗದಲ್ಲಿ ಕಾಫಿಗೆ ಸೇರಿದಾಗಲೆಲ್ಲ ಯಾರಾದರೊಬ್ಬರ ಚೀಲದಿಂದ ಇಂಥದ್ದೊಂದು ಕಾರು ಹೊರಗೆ ಬರುತ್ತದೆ. "ಎಂತ ಮಾರಾಯ್ರೆ, ಬೀಟಲ್ ಹೌದು, ಆದ್ರೆ ಬೀಟಲ್ ಹಾಗೆ ಕಾಣುದಿಲ್ಲ ಅಲ್ವಾ?" ಅಂತ ಶೆಟ್ರು ತಮ್ಮ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮಾಡೆಲ್ ತೋರಿಸಿ ಕೇಳಿದ್ದು ಇದೇ ದೋಷದ ಬಗ್ಗೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಬಾಡಿಯನ್ನೇ ಬಯ್ಯುತ್ತಾರೆ. ಚಾವಣಿ ತಗ್ಗಾಯಿತು, ಬಾನೆಟ್ ಉದ್ದವಾಯಿತು, ಕಂಪನಿಯವರು ಅಚ್ಚು ಸರಿಯಾಗಿ ಮಾಡಿಲ್ಲ. ಮಾರನೇ ದಿನ ಪುಟ್ಟಿ ಡಬ್ಬಿ ತೆರೆಯುತ್ತಾರೆ. ಬಾಡಿ ತಪ್ಪಿರುವುದು ಅಪರೂಪ ಅನ್ನುವುದು ನನ್ನ ವಾದ. ತಪ್ಪು ಸಾಮಾನ್ಯವಾಗಿ ಅದರ ಕೆಳಗಿರುತ್ತದೆ: ಚಕ್ರದಲ್ಲಿ, ಗಾಡಿ ನಿಂತಿರುವ ಎತ್ತರದಲ್ಲಿ, ಇಲ್ಲವೇ ಬೇರೆ ಬೇರೆ ವರ್ಷದ ಭಾಗಗಳನ್ನು ಬೆರೆಸಿದ್ದರಲ್ಲಿ. ಹಾಗಾಗಿ ಹುಡುಕುವ ಕ್ರಮವೂ ಕೆಳಗಿನಿಂದ ಮೇಲಕ್ಕೆ. ಬಾಡಿಗೆ ಬ್ಲೇಡ್ ಹಾಕುವುದು ಕಟ್ಟಕಡೆಗೆ.

ಮೊದಲು ನೋಡುವ ರೀತಿಯನ್ನೇ ಅನುಮಾನಿಸಿ

ಫೋನಲ್ಲಿ ತೆಗೆದ ಫೋಟೋ ನೋಡಿ "ಮೂತಿ ಉಬ್ಬಿದೆ" ಅನ್ನಿಸಿದ್ದರೆ ಇನ್ನೂ ಏನನ್ನೂ ಮುಟ್ಟಬೇಡಿ. ಸ್ವಲ್ಪ ಲೆಕ್ಕ ಮಾಡಿ. 1/24 ಅಳತೆಯ, ಅಂದರೆ ನಿಜದ ಗಾಡಿಯ 24ನೇ ಒಂದು ಭಾಗದಷ್ಟಿರುವ ಬೀಟಲ್ ಸುಮಾರು 17 ಸೆಂ.ಮೀ. ಉದ್ದ. ಫೋನನ್ನು ಮೂತಿಯಿಂದ 20 ಸೆಂ.ಮೀ. ದೂರದಲ್ಲಿ ಹಿಡಿದರೆ ಬಾಲ 37 ಸೆಂ.ಮೀ. ದೂರದಲ್ಲಿರುತ್ತದೆ. ಹತ್ತಿರದ ತುದಿ ದೂರದ ತುದಿಗಿಂತ ಹೆಚ್ಚೂಕಮ್ಮಿ ಎರಡು ಪಟ್ಟು ದೊಡ್ಡದಾಗಿ ಬೀಳುತ್ತದೆ. ಮೂತಿ ಉಬ್ಬದೆ ಇನ್ನೇನಾದೀತು? ನಿಜದ ಗಾಡಿಯನ್ನು ಹತ್ತು ಮೀಟರ್ ದೂರದಿಂದ ತೆಗೆದ ಫೋಟೋಗೆ ಹೋಲಿಸಬೇಕಾದರೆ, ಹತ್ತನ್ನು 24ರಿಂದ ಭಾಗಿಸಿ. ಸುಮಾರು 42 ಸೆಂ.ಮೀ. ಬಂತು. ಫೋನನ್ನು ಅಷ್ಟು ದೂರ ಇಟ್ಟು, ಜೂಮ್ ಮಾಡಿ ತೆಗೆಯಿರಿ. ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ.

ಎತ್ತರದ ವಿಷಯವೂ ಹೀಗೇ. ರಸ್ತೆಯಲ್ಲಿ ನಿಂತವರ ಕಣ್ಣು ನೆಲದಿಂದ 1.6 ಮೀಟರ್ ಮೇಲಿದ್ದರೆ ಮಾಡೆಲ್ ಲೆಕ್ಕದಲ್ಲಿ ಅದು 6.7 ಸೆಂ.ಮೀ. ಆದರೆ ಮೇಜಿನ ಮುಂದೆ ಕೂತಾಗ ನಮ್ಮ ಕಣ್ಣು 60 ಸೆಂ.ಮೀ. ಮೇಲಿರುತ್ತದೆ, ಅಂದರೆ 14 ಮೀಟರ್ ಚಿಲ್ಲರೆ. ಬಿಲ್ಡಿಂಗಿನ ಐದನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನಿಲ್ಲಿಸಿದ ಕಾರು ನೋಡಿದ ಹಾಗೆ. ಅಲ್ಲಿಂದ ಯಾವ ಗಾಡಿಯಾದರೂ ಚಾವಣಿ ಅಗಲ, ಚಕ್ರ ಚಿಕ್ಕದಾಗಿ ಕಾಣುತ್ತದೆ. ಕಾರನ್ನು ಮೇಜಿನ ಅಂಚಿಗೆ ತಂದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ. ಆಗಲೂ ತಪ್ಪಾಗಿ ಕಂಡರೆ ಮುಂದಕ್ಕೆ ಹೋಗೋಣ.

ಡಬ್ಬಿಯ ಮೇಲಿನ ಅಳತೆಯನ್ನು ನಂಬುವ ಮುಂಚೆ

ವರ್ನಿಯರ್ ಕ್ಯಾಲಿಪರ್ ತೆಗೆದುಕೊಳ್ಳಿ. ಲೋಹಾರ್ ಚಾಳ್ ಕಡೆ ಪ್ಲಾಸ್ಟಿಕ್‌ದು ಸಿಕ್ಕರೂ ಈ ಕೆಲಸಕ್ಕೆ ಸಾಕು. ಮೊದಲು ಅಳೆಯಬೇಕಾದ್ದು ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ. ಒಟ್ಟು ಉದ್ದವನ್ನು ನಂಬಬೇಡಿ. ಬಂಪರ್ ಬದಲಾದರೆ ಉದ್ದ ಬದಲಾಗುತ್ತದೆ, ವೀಲ್‌ಬೇಸ್ ಬದಲಾಗುವುದಿಲ್ಲ. ನಿಜದ ಅಳತೆಯನ್ನು ಮಾಡೆಲ್ ಅಳತೆಯಿಂದ ಭಾಗಿಸಿದರೆ ನಿಮ್ಮ ಕೈಲಿರುವುದರ ನಿಜವಾದ ಸ್ಕೇಲ್ ಸಿಗುತ್ತದೆ.

ಬೀಟಲ್‌ನ ವೀಲ್‌ಬೇಸ್ 2400 ಮಿ.ಮೀ. 1/24ರಲ್ಲಿ ಸರಿಯಾಗಿ 100 ಮಿ.ಮೀ. ಬರಬೇಕು, 1/25ರಲ್ಲಿ 96. ಬ್ರಿಟನ್ನಿನ ಪುಟ್ಟ ಕಾರು ಹಳೇ ಮಿನಿಯದು 2036, ಅಂದರೆ 1/24ರಲ್ಲಿ 84.8. ನಿಸಾನ್ ಆರ್34 ಸ್ಕೈಲೈನ್ ಜಿಟಿ-ಆರ್ 2665, ಅಂದರೆ 111. ನಮ್ಮ ಪ್ರೀಮಿಯರ್ ಪದ್ಮಿನಿಯದು 2340, 1/24ರಲ್ಲಿ 97.5, 1/25ರಲ್ಲಿ 93.6. ಅರ್ಧ ಮಿಲಿಮೀಟರ್ ವ್ಯತ್ಯಾಸಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಒಂದೂವರೆ ಎರಡು ಮಿ.ಮೀ. ತಪ್ಪಿದ್ದರೆ ಮಾತ್ರ ಯೋಚಿಸಿ.

1/24 ಮತ್ತು 1/25 ಎರಡೂ ಇರುವುದಕ್ಕೆ ಕಾರಣ ಇದೆ. ಒಂದು ಅಡಿಗೆ ಅರ್ಧ ಇಂಚು ಅನ್ನುವ ಲೆಕ್ಕದಲ್ಲಿ 24 ಬಂತು. ಜಪಾನಿನ ಕಾರು ಕಿಟ್‌ಗಳು ಹೆಚ್ಚಾಗಿ ಇದೇ ಅಳತೆಯವು. ಅಮೆರಿಕದ ಎಎಂಟಿ ಥರದ ಕಂಪನಿಗಳ ಕಿಟ್‌ಗಳು ಹೆಚ್ಚಾಗಿ 1/25. ಪಕ್ಕ ಪಕ್ಕ ಇಟ್ಟರೆ ನಾಲ್ಕು ಶೇಕಡಾ ವ್ಯತ್ಯಾಸ ಕಣ್ಣಿಗೆ ಕಾಣಲ್ಲ. ಆದರೆ ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಿದಾಗ ಕಾಣುತ್ತದೆ. 600 ಮಿ.ಮೀ. ಟೈರು 1/24ರಲ್ಲಿ 25, 1/25ರಲ್ಲಿ 24. ಆ ಒಂದು ಮಿಲಿಮೀಟರೇ ಮಡ್‌ಗಾರ್ಡ್ ಕೆಳಗಿನ ಸಂದನ್ನು ತಿಂದುಹಾಕುತ್ತದೆ.

ವೀಲ್‌ಬೇಸ್ ಸರಿಯಿದ್ದರೆ ಅಲ್ಲಿಗೇ ಬಿಡಬೇಡಿ, ಅಗಲವನ್ನೂ ಎತ್ತರವನ್ನೂ ಅಳೆಯಿರಿ. ಪದ್ಮಿನಿ 3930 ಉದ್ದ, 1460 ಅಗಲ, 1468 ಎತ್ತರ. ಅಗಲ ಎತ್ತರ ಹೆಚ್ಚುಕಮ್ಮಿ ಒಂದೇ. ಆ ಗಾಡಿಯ ಗುಣವೇ ಅದು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಮಾಡಬೇಕು ಅಂತ ಹಿಂದಕ್ಕೆಳೆದು ಬಿಡುವ ಪ್ಲಾಸ್ಟಿಕ್ ಆಟಿಕೆಯನ್ನೇ ಹಿಡಿದು ಕೂರುವವರು ಬಹಳ. ಅಂಥದ್ದೊಂದರ ವೀಲ್‌ಬೇಸ್ 65 ಮಿ.ಮೀ. ಇದೆ ಅಂದುಕೊಳ್ಳಿ. 2340 ಭಾಗಿಸು 65, ಅಂದರೆ 1/36. ಆ ಲೆಕ್ಕದಲ್ಲಿ ಅಗಲ 40.5 ಬರಬೇಕು. ಕ್ಯಾಲಿಪರ್ 44 ತೋರಿಸಿದರೆ ಆಟಿಕೆ ಅಡ್ಡಕ್ಕೆ ದಪ್ಪವಾಗಿದೆ ಅಂತಾಯಿತು, ಅಗಲದಲ್ಲಿ ಅದು 1/33ರ ಗಾಡಿ. ಇದನ್ನು ಉಜ್ಜಿ ಸರಿಮಾಡೋಕೆ ಆಗಲ್ಲ. ಮಕ್ಕಳಿಗೆ ಕೊಟ್ಟುಬಿಡಿ. 3ಡಿ ಪ್ರಿಂಟ್ ಬಾಡಿಯಲ್ಲಿ ಇದೇ ದೋಷ ಕಂಡರೆ ಮಾತ್ರ ದಾರಿ ಇದೆ: ಫೈಲಿನಲ್ಲಿ ಅಗಲವನ್ನಷ್ಟೇ ಕುಗ್ಗಿಸಿ ಮತ್ತೆ ಪ್ರಿಂಟ್ ಮಾಡಿಸಬಹುದು. ಮಾರುವವರು ಕೊಡುವ ಫೈಲು ಎಷ್ಟೋ ಸಲ ವಿಡಿಯೋ ಗೇಮಿಗೆ ಮಾಡಿದ್ದೇ ಆಗಿರುತ್ತದೆ. ಪರದೆ ಮೇಲೆ ಚೆಂದ ಕಂಡರೆ ಸಾಕು ಅಂತ ಮಾಡಿದ್ದು. ಮೂರೂ ದಿಕ್ಕಿನ ಅಳತೆ ಕೇಳದೆ ದುಡ್ಡು ಕೊಡಬೇಡಿ.

ಚಕ್ರ: ಹೆಚ್ಚಿನ ರೋಗದ ಮೂಲ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಹತ್ತರಲ್ಲಿ ಆರೇಳು ದೂರುಗಳ ಬೇರು ಇಲ್ಲೇ ಇರುತ್ತದೆ ಅಂತ ನನ್ನ ಅಂದಾಜು.

ರಿಮ್ "14 ಇಂಚು" ಅಂದರೆ ಯಾವ ಜಾಗದ ಅಳತೆ? ಟೈರಿನ ಅಂಚು ಒಳಗೆ ಕೂರುವ ಜಾಗದ್ದು. ನಮ್ಮ ಕಣ್ಣಿಗೆ ಕಾಣುವ ಹೊರ ಅಂಚಿನದ್ದಲ್ಲ. ಟೈರು ಜಾರದಂತೆ ಹಿಡಿಯುವ ತುಟಿ ಇದೆಯಲ್ಲ, ಅದು ಸುತ್ತಲೂ ಸುಮಾರು 17 ಮಿ.ಮೀ. ಮೇಲಕ್ಕೆ ಎದ್ದಿರುತ್ತದೆ. ಹಾಗಾಗಿ 14 ಇಂಚಿನ, ಅಂದರೆ 355.6 ಮಿ.ಮೀ. ರಿಮ್ಮು ನೋಡುವವರಿಗೆ 390ರಷ್ಟು ಕಾಣುತ್ತದೆ. 1/24ರಲ್ಲಿ ಒಂದು ಲೆಕ್ಕಕ್ಕೆ 14.8, ಇನ್ನೊಂದು ಲೆಕ್ಕಕ್ಕೆ 16.3. ಒಂದೂವರೆ ಮಿಲಿಮೀಟರ್ ಅಂತರ! ರೆಸಿನ್ (ಎರಕ ಹೊಯ್ಯುವ ರಾಳ) ಅಥವಾ ಪ್ರಿಂಟ್ ಚಕ್ರ ಮಾಡುವವರಲ್ಲಿ ಕೆಲವರು ಮೊದಲ ಲೆಕ್ಕ ಹಿಡಿಯುತ್ತಾರೆ, ಕೆಲವರು ಎರಡನೆಯದನ್ನು. ಲಕ್ಷಣ ಗುರುತಿಸುವುದು ಸುಲಭ. ಚಕ್ರ ಒಳಗೆ ಕುಗ್ಗಿದಂತೆ, ಟೈರು ಊದಿದಂತೆ ಕಂಡರೆ ಹೊರ ಅಂಚನ್ನೇ 14.8ಕ್ಕೆ ಮಾಡಿದ್ದಾರೆ ಅಂತ ತಿಳಿಯಿರಿ. ಕೊಳ್ಳುವಾಗ "ಎಷ್ಟು ಇಂಚು" ಅಂತ ಕೇಳಬೇಡಿ. "ಹೊರ ಅಂಚು ಎಷ್ಟು ಮಿಲಿಮೀಟರ್" ಅಂತ ಕೇಳಿ.

ಟೈರಿನ ಲೆಕ್ಕ ಅದರ ಮೈಮೇಲೇ ಬರೆದಿರುತ್ತದೆ. 245/40 ಆರ್18 ಅನ್ನುವುದು ಆರ್34 ಜಿಟಿ-ಆರ್ ಟೈರು. ಅಗಲ 245, ಅದರ ನೂರಕ್ಕೆ 40ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ 98. ಮೇಲೊಂದು ಕೆಳಗೊಂದು ಸೇರಿ 196, ಅದಕ್ಕೆ 18 ಇಂಚಿನ 457 ಕೂಡಿಸಿದರೆ 653. 24ರಿಂದ ಭಾಗಿಸಿದರೆ 27.2 ಮಿ.ಮೀ. ಎತ್ತರ, 10.2 ಅಗಲ. ಈ ಎರಡು ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡು ಬಳಿಕ ಚಕ್ರದ ಸೆಟ್ ಹುಡುಕಿ. ಜಪಾನಿನ ಕಿಟ್ ಕಂಪನಿಗಳಾದ ಅಯೋಶಿಮಾ, ಫ್ಯೂಜಿಮಿ ಎರಡೂ 1/24ಕ್ಕೆ ಇಂಚು ಲೆಕ್ಕದಲ್ಲೇ ಬಿಡಿ ಚಕ್ರ ಮಾರುತ್ತವೆ. ದೊಡ್ಡದು ಹಾಕಿದರೆ ಗಾಡಿ ಗತ್ತಾಗಿ ಕಾಣುತ್ತದೆ ಅಂತ ಸುಮ್ನೆ ಎರಡು ಇಂಚು ಜಾಸ್ತಿ ಹಾಕುವವರಿದ್ದಾರೆ. ಅದು ಅವರವರ ಖುಷಿ. ಆಮೇಲೆ "ಶೋರೂಮಿನ ಗಾಡಿ ಹಾಗೆ ಕಾಣ್ತಿಲ್ಲ" ಅಂತ ಮಾತ್ರ ಹೇಳಬಾರದು.

ಹಳೇ ಟೈರಿನ ಕಥೆ ಬೇರೆ. ಪದ್ಮಿನಿಗೆ 5.20-14. ಇದರಲ್ಲಿ ಶೇಕಡಾ ಲೆಕ್ಕ ಬರೆದಿರುವುದಿಲ್ಲ, ಯಾಕೆಂದರೆ ಆ ಕಾಲದ ಟೈರಿನ ಗೋಡೆ ಹೆಚ್ಚುಕಮ್ಮಿ ಅಗಲದಷ್ಟೇ ಎತ್ತರ. ಒಟ್ಟು ಎತ್ತರ 600 ಮಿ.ಮೀ. ಆಸುಪಾಸು, 1/24ರಲ್ಲಿ 25. ಅಗಲ ಬರೀ 132, ಅಂದರೆ ಐದೂವರೆ ಮಿ.ಮೀ. ಈಗ ನಿಮ್ಮ ಬಿಡಿಭಾಗದ ಡಬ್ಬಿಯಿಂದ ಒಂದು ಸಾಮಾನ್ಯ ಟೈರು ತೆಗೆದು ಅಳೆಯಿರಿ. ಎಂಟೋ ಒಂಬತ್ತೋ ಇರುತ್ತದೆ. ಪದ್ಮಿನಿಗೆ ಅದನ್ನು ಹಾಕಿ ಎದುರಿನಿಂದ ನೋಡಿ. ತೆಳ್ಳಗಿನ ಕಾಲಿನ ಗಾಡಿಗೆ ಗಮ್‌ಬೂಟು ತೊಡಿಸಿದ ಹಾಗಾಗುತ್ತದೆ. ಪಕ್ಕದಿಂದ ನೋಡಿದರೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಅದಕ್ಕೇ ಜನ ಬಾಡಿಯನ್ನು ಬಯ್ಯುತ್ತಾರೆ.

ತೆಳು ಟೈರು ಸಿಗದಿದ್ದರೆ ಇದ್ದದ್ದನ್ನೇ ಸಣ್ಣ ಮಾಡಿಕೊಳ್ಳಬಹುದು. ರಬ್ಬರ್ ಟೈರನ್ನು ಒಂದು ಮರದ ಕಡ್ಡಿಗೆ ಬಿಗಿಯಾಗಿ ಸಿಕ್ಕಿಸಿ, ಕಡ್ಡಿಯನ್ನು ಡ್ರಿಲ್‌ಗೆ ಹಾಕಿ, ನಿಧಾನವಾಗಿ ತಿರುಗಿಸುತ್ತ 120 ನಂಬರಿನ ಪಾಲಿಶ್ ಪೇಪರ್ ಹಿಡಿಯಿರಿ. ಮೊದಲು ಗಾಡಿಯ ಒಳಗಡೆಗೆ ಬರುವ ಪಕ್ಕವನ್ನು ಸವೆಸಿ ಅಗಲ ಇಳಿಸಿ. ಆಮೇಲೆ ಭುಜ, ಅಂದರೆ ನೆಲಕ್ಕೆ ತಾಗುವ ಮುಖ ಮತ್ತು ಗೋಡೆ ಸೇರುವ ಮೂಲೆಯನ್ನು ದುಂಡಗೆ ಮಾಡಿ. ಕಿಟ್ ಟೈರುಗಳ ಭುಜ ಚೂಪಾಗಿರುತ್ತದೆ, ಹಳೇ ಟೈರಿನ ಭುಜ ಇಳಿಜಾರು. ನಡುವೆ ಓಡುವ ಅಚ್ಚಿನ ಗೆರೆಯೂ ಇದೇ ಕೈಯಲ್ಲಿ ಹೋಗುತ್ತದೆ. ಧೂಳು ಕಪ್ಪಗೆ ಹಾರುತ್ತದೆ, ಮಾಸ್ಕ್ ಹಾಕಿಕೊಳ್ಳಿ, ಒಗೆದ ಬಟ್ಟೆ ಒಣಹಾಕಿದ ಬಾಲ್ಕನಿಯಲ್ಲಿ ಮಾಡಬೇಡಿ.

ಮಿನಿಯಲ್ಲಿ ಇನ್ನೊಂದು ಮೋಸ ಇದೆ. ಹಳೇ ಮಿನಿಗೆ 10 ಇಂಚಿನ ಚಕ್ರ. 1984ರಿಂದ 12 ಇಂಚು. ಟೈರಿನ ಹೊರ ಅಳತೆ ಜಾಸ್ತಿ ಬದಲಾಗಲಿಲ್ಲ: 165/70 ಆರ್10 ಸುಮಾರು 485 ಮಿ.ಮೀ., 145/70 ಆರ್12 ಸುಮಾರು 508. 1/24ರಲ್ಲಿ ಒಂದೇ ಮಿಲಿಮೀಟರ್ ಫರಕು. ಹಾಗಾಗಿ ಯಾವುದನ್ನು ಹಾಕಿದರೂ ಮಡ್‌ಗಾರ್ಡ್ ಒಳಗೆ ಸಲೀಸಾಗಿ ಕೂರುತ್ತದೆ, ತಪ್ಪಿದೆ ಅಂತ ಗಾಡಿ ತಾನಾಗಿ ಹೇಳುವುದಿಲ್ಲ. ರಿಮ್ಮು ಮಾತ್ರ ಎರಡು ಮಿಲಿಮೀಟರ್ ದೊಡ್ಡದಾಗಿರುತ್ತದೆ. 1960ರ ದಶಕದ ಮಿನಿ ಕೂಪರ್ ಎಸ್ "ಯಾಕೋ ಹೊಸದು ಅನ್ನಿಸ್ತದೆ" ಅಂದರೆ ಮೊದಲು ಇದನ್ನೇ ನೋಡಿ.

ನಿಲುವು

ಚಕ್ರ ಸರಿಯಿದ್ದೂ ಗಾಡಿ ಆಟಿಕೆಯಂತೆ ನಿಂತಿದ್ದರೆ ಎತ್ತರ ತಪ್ಪಿದೆ. 1/24ರಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದ ಗಾಡಿಯಲ್ಲಿ 24, ಹತ್ತಿರ ಹತ್ತಿರ ಒಂದು ಇಂಚು. ಒಂದು ಇಂಚು ಎದ್ದ ಗಾಡಿಯನ್ನು ಗ್ಯಾರೇಜಿನ ಹುಡುಗ ದೂರದಿಂದಲೇ ಗುರುತಿಸುತ್ತಾನೆ.

ಎಷ್ಟು ಎತ್ತರ ಇರಬೇಕು ಅಂತ ಎಲ್ಲೂ ಬರೆದಿರುವುದಿಲ್ಲ. ಫೋಟೋದಿಂದ ತೆಗೆಯಬೇಕು. ನಿಜದ ಗಾಡಿಯ ನೇರ ಪಕ್ಕದ ಫೋಟೋ ಒಂದನ್ನು ಫೋನಲ್ಲಿ ತೆರೆದು, ಪರದೆ ಮೇಲೆ ಸ್ಕೇಲ್ ಇಟ್ಟು ಟೈರಿನ ಎತ್ತರ ಅಳೆಯಿರಿ. ಆಮೇಲೆ ಟೈರಿನ ತಲೆಯಿಂದ ಮಡ್‌ಗಾರ್ಡ್ ಅಂಚಿನವರೆಗಿನ ಸಂದು. ಸಂದು ಟೈರಿನ ಹತ್ತನೇ ಒಂದು ಭಾಗ ಇದ್ದರೆ, ನಿಮ್ಮ 25 ಮಿ.ಮೀ. ಟೈರಿನ ಮೇಲೆ ಎರಡೂವರೆ ಮಿ.ಮೀ. ಸಂದು ಬೇಕು. ಮುಂದೆ ಹಿಂದೆ ಎರಡೂ ಕಡೆ ಅಳೆಯಿರಿ, ಒಂದೇ ಇರುವುದಿಲ್ಲ.

ಹಳೇ ಜಪಾನಿ ಕಿಟ್‌ಗಳಲ್ಲಿ ಎತ್ತರ ತಪ್ಪೋಕೆ ಒಂದು ಚರಿತ್ರೆಯೇ ಇದೆ. ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ಕಿಟ್‌ಗಳು ಒಳಗೆ ಸಣ್ಣ ಮೋಟಾರು, ಬ್ಯಾಟರಿ ಹಿಡಿಸುವಂತೆ ಮಾಡಿದವು. ಇಂಥ ಕಿಟ್‌ಗಳಲ್ಲಿ ನೆಲ ಮೇಲಕ್ಕೆದ್ದಿರುತ್ತದೆ, ಸೀಟುಗಳು ಗಿಡ್ಡ, ಚಕ್ರಗಳು ಉದ್ದದ ಲೋಹದ ಆಕ್ಸಲ್ ಮೇಲೆ ಕೂರುತ್ತವೆ. ಅದೇ ಅಚ್ಚು ಮುಂದೆ ಮೋಟಾರು ಇಲ್ಲದ ಕಿಟ್ಟಾಗಿ ಮತ್ತೆ ಡಬ್ಬಿಗೆ ಬರುತ್ತದೆ. ಡಬ್ಬಿ ಹೊಸದು, ಒಳಗಿನದು ಹಳೇದು. ಚಾಸಿಸ್ ನಡುವೆ ಕಾರಣವಿಲ್ಲದ ಚೌಕಾಕಾರದ ಉಬ್ಬು ಕಂಡರೆ ಅದು ಮೋಟಾರಿನ ಮನೆ.

ಸರಿಪಡಿಸುವುದು ಕಷ್ಟವಲ್ಲ. ಗಾಡಿ ತಗ್ಗಬೇಕಾದರೆ ಆಕ್ಸಲ್ ತೂತನ್ನು ಮೇಲಕ್ಕೆ ಕೊರೆದು, ಹಳೇ ತೂತಿನ ಕೆಳಭಾಗವನ್ನು ಪ್ಲಾಸ್ಟಿಕ್ ಚೂರಿನಿಂದ ಮುಚ್ಚಿ. ಏರಬೇಕಾದರೆ ಎವರ್‌ಗ್ರೀನ್‌ನಂಥ ಕಂಪನಿಯ ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯ ಕಾಲು ಮಿಲಿಮೀಟರ್ ತುಂಡುಗಳನ್ನು ಒಂದೊಂದಾಗಿ ಪೇರಿಸಿ. ಹಚ್ಚಿ ಕೀಳಬಹುದಾದ ಮೇಣದಂಥ ಬ್ಲೂಟ್ಯಾಕ್‌ನಿಂದ ಚಕ್ರ ಹಚ್ಚಿ ನೋಡುವವರೆಗೂ ಅಂಟು ಮುಟ್ಟಬೇಡಿ. ನಾಲ್ಕೂ ಚಕ್ರ ನೆಲಕ್ಕೆ ತಾಗಿದೆಯಾ ಅಂತ ನೋಡೋಕೆ ಕಾರನ್ನು ಗಾಜಿನ ಮೇಲಿಟ್ಟು ಪ್ರತಿ ಚಕ್ರದ ಕೆಳಗೆ ತೆಳು ಕಾಗದದ ಪಟ್ಟಿ ತೂರಿಸಿ. ಸಲೀಸಾಗಿ ಹೋದ ಕಡೆ ಚಕ್ರ ಗಾಳಿಯಲ್ಲಿದೆ.

ಬೀಟಲ್‌ನಲ್ಲಿ ಹಿಂದಿನ ಚಕ್ರಗಳ ಓರೆಯನ್ನೂ ನೋಡಿ. ಹಳೇ ಬೀಟಲ್‌ನ ಹಿಂದಿನ ಆಕ್ಸಲ್ ಎರಡು ತೋಳುಗಳಂತೆ ಮೇಲೆ ಕೆಳಗೆ ಆಡುತ್ತದೆ. ಬಾಡಿ ಎದ್ದರೆ ಚಕ್ರದ ಕೆಳಭಾಗ ಒಳಕ್ಕೆ ಮಡಚಿಕೊಳ್ಳುತ್ತದೆ, ಕೂತರೆ ನೆಟ್ಟಗಾಗುತ್ತದೆ. ಹಿಂಭಾಗ ಎತ್ತರಕ್ಕೆ ಕೂರಿಸಿ ಚಕ್ರ ನೆಟ್ಟಗೆ ಇಟ್ಟರೆ ಎರಡೂ ಸುಳ್ಳು. ಶೆಟ್ರ ಕಾರಿನ ರೋಗ ಇದೇ ಆಗಿತ್ತು. ಬಾಡಿಯನ್ನು ಬಯ್ಯುತ್ತಿದ್ದವರಿಗೆ ಮುಕ್ಕಾಲು ಮಿಲಿಮೀಟರ್ ಇಳಿಸಿ ತೋರಿಸಿದ ಮೇಲೆ "ಹೋಯ್, ಈಗ ಕೂತಿತು ನೋಡಿ" ಅಂದರು. ಟ್ಯಾಕ್ಸಿ ಪದ್ಮಿನಿಯಾದರೆ ಹಿಂಭಾಗ ಅರ್ಧ ಮಿಲಿಮೀಟರ್ ತಗ್ಗಲಿ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್, ವರ್ಷಗಟ್ಟಲೆ ಸವಾರಿ ಹೊತ್ತ ಪಟ್ಟೆ ಸ್ಪ್ರಿಂಗು. ಶೋರೂಮಿನ ಹಾಗೆ ನೆಟ್ಟಗೆ ನಿಂತ ಟ್ಯಾಕ್ಸಿ ದಾದರ್ ಸ್ಟೇಷನ್ ಹೊರಗೆ ನಾನಂತೂ ನೋಡಿಲ್ಲ.

ಯಾವ ವರ್ಷದ ಗಾಡಿ ಕಟ್ಟುತ್ತಿದ್ದೀರಿ?

ಅಳತೆ ಎಲ್ಲ ಸರಿಯಿದೆ, ಆದರೂ ಬಲ್ಲವರು ಮೂಗು ಮುರಿಯುತ್ತಾರೆ. ಹಾಗಿದ್ದರೆ ಭಾಗಗಳ ಆಯ್ಕೆಯಲ್ಲಿ ವರ್ಷ ಬೆರೆತಿದೆ.

ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನಲ್ಲಿ ಬೇಡದ ಭಾಗಗಳೂ ಇರುತ್ತವೆ. ಎಎಂಟಿ 1958ರಲ್ಲೇ ಒಂದೇ ಡಬ್ಬಿಯಲ್ಲಿ ಮೂರು ಥರ ಕಟ್ಟುವ ಕಿಟ್ ತಂದಿತು: ಕಂಪನಿ ಗಾಡಿ, ಶೋಕಿ ಗಾಡಿ, ರೇಸ್ ಗಾಡಿ. ಮೂರರ ಭಾಗ ಬೆರೆಸಿದರೆ ಯಾವುದೂ ಅಲ್ಲದ ನಾಲ್ಕನೆಯದು ಹುಟ್ಟುತ್ತದೆ. ಜಪಾನಿ ಕಿಟ್‌ಗಳಲ್ಲಿ ಒಂದೇ ಅಚ್ಚಿನಿಂದ ಹಲವು ಮಾದರಿ ತೆಗೆಯುವುದರಿಂದ, ಬೇಡದ ಭಾಗಗಳನ್ನು ಸೂಚನಾ ಹಾಳೆಯಲ್ಲಿ ಬಣ್ಣ ತುಂಬಿ ಗುರುತು ಮಾಡಿರುತ್ತಾರೆ. ಆ ಗುರುತು ನೋಡದೆ "ಇದು ಚೆನ್ನಾಗಿದೆ" ಅಂತ ಕಿತ್ತು ಅಂಟಿಸಿದರೆ ಕೆಟ್ಟಿತು.

ಬೀಟಲ್‌ಗೆ ಈ ಗುರುತುಗಳು ಸಾಕು. ಹಿಂದಿನ ಗಾಜು 1953ರ ಮಾರ್ಚ್‌ವರೆಗೆ ಎರಡು ಹೋಳು, 1957ರ ಬೇಸಿಗೆವರೆಗೆ ಮೊಟ್ಟೆಯಾಕಾರ, ಆಮೇಲೆ ಚೌಕ. 1965ರ ಮಾದರಿಗೆ ಕಿಟಕಿಗಳೆಲ್ಲ ಸ್ವಲ್ಪ ದೊಡ್ಡವಾದವು. 1968ರ ಮಾದರಿಯಿಂದ ಹೆಡ್‌ಲೈಟ್ ನೆಟ್ಟಗೆ, ಬಂಪರ್ ನೇರ ಮತ್ತು ದಪ್ಪ, ಹಿಂದಿನ ದೀಪ ದೊಡ್ಡದು. ಜಪಾನಿನ ಟಮಿಯಾ ಕಂಪನಿಯ 1966ರ 1300 ಬೀಟಲ್ ಕಟ್ಟುತ್ತಿದ್ದರೆ ಹೆಡ್‌ಲೈಟ್ ಗಾಜು ಮಡ್‌ಗಾರ್ಡ್ ಜೊತೆಗೇ ಹಿಂದಕ್ಕೆ ವಾಲಿರಬೇಕು. ಬೇರೆ ಕಡೆಯಿಂದ ತಂದ ದೊಡ್ಡ ಹಿಂದೀಪ ಇದಕ್ಕೆ ಸಲ್ಲದು.

ಮಿನಿಗೆ ಬಾಗಿಲು ನೋಡಿ. ಕೀಲು ಹೊರಗೆ ಕಂಡು, ಗಾಜು ಪಕ್ಕಕ್ಕೆ ಜಾರುವಂತಿದ್ದರೆ 1969ಕ್ಕಿಂತ ಹಿಂದಿನದು. ಆಮೇಲಿನದರಲ್ಲಿ ಕೀಲು ಒಳಗೆ ಹೋಯಿತು, ಗಾಜು ಹಿಡಿಕೆ ತಿರುವಿ ಇಳಿಸುವಂತಾಯಿತು. 1967ರಲ್ಲಿ ಎರಡನೇ ಮಾದರಿ ಬಂದಾಗ ಮುಂದಿನ ಜಾಲರಿ ಚೌಕವಾಯಿತು, ಹಿಂದಿನ ಗಾಜು ದೊಡ್ಡದಾಯಿತು. ಮಾಂಟೆ ಕಾರ್ಲೋ ಕಾರು ಪಂದ್ಯದ ರ್‍ಯಾಲಿ ಗಾಡಿ ಮಾಡುವವರು ನಂಬರ್ ಪ್ಲೇಟಿನ ಡೆಕಾಲ್, ಅಂದರೆ ಕಿಟ್ ಜೊತೆ ಬರುವ ಅಂಟುಚಿತ್ರ ನೋಡಿ ಭಾಗ ಆರಿಸಿ. 1964ರಲ್ಲಿ ಗೆದ್ದ 33 ಇಜೆಬಿ ನಂಬರಿನ ಗಾಡಿ 1071 ಸಿಸಿ ಎಂಜಿನ್ನಿನದು, ಡಬ್ಬಿ ಮೇಲೆ 1275 ಅಂತ ಇದ್ದರೆ ಅದಲ್ಲ. 1967ರಲ್ಲಿ ಗೆದ್ದದ್ದು ಎಲ್‌ಬಿಎಲ್ 6ಡಿ. ಮುಂದಿನ ದೀಪ ಯಾವುದಾದರೇನು ಅನ್ನುವವರಿಗೆ ಒಂದು ಮಾತು: 1966ರಲ್ಲಿ ಮೊದಲ ಮೂರು ಸ್ಥಾನದಲ್ಲಿ ಮುಗಿಸಿದ ಮಿನಿಗಳನ್ನು ಹೊರಗೆ ಹಾಕಿದ್ದು ಹೆಡ್‌ಲೈಟ್ ನಿಯಮದ ಕಾರಣಕ್ಕೇ.

ನಮ್ಮೂರ ಟ್ಯಾಕ್ಸಿಗೆ ವರ್ಷ ಹೇಳುವುದು ನಂಬರ್ ಪ್ಲೇಟು ಮತ್ತು ಮೀಟರು. ಎಂಎಚ್-01 ಅಂದರೆ ತಾರ್ದೇವ್, 02 ಅಂಧೇರಿ, 03 ವಡಾಲಾ. ಈ ಎಂಎಚ್ ಕ್ರಮ ಬಂದದ್ದು 1989ರಲ್ಲಿ, ಹಾಗಾಗಿ ಎಪ್ಪತ್ತರ ದಶಕದ ಗಾಡಿ ಅಂತ ಹೇಳಿ ಎಂಎಚ್ ಅಂಟಿಸಬೇಡಿ. ಹೊಳೆಯುವ ಅಶೋಕಚಕ್ರದ, ನೀಲಿ ಐಎನ್‌ಡಿ ಅಕ್ಷರದ ಪ್ಲೇಟನ್ನು ಆ ಕಾಲದ ಟ್ಯಾಕ್ಸಿಗೆ ಹಾಕುವುದಂತೂ ಇನ್ನೂ ದೊಡ್ಡ ತಪ್ಪು. ಹೊರಗೆ ಎಡಗಡೆ ಕೂತಿದ್ದ ಕಬ್ಬಿಣದ ಮೀಟರು ಮರೆತರೆ ಟ್ಯಾಕ್ಸಿ ಅರ್ಧ. ಒಳಗೆ ಸ್ಟೇರಿಂಗ್ ಪಕ್ಕದ ಗೇರು, ಮುಂದೆ ಉದ್ದದ ಒಂದೇ ಸೀಟು. ಕುರ್ಲಾದಲ್ಲಿ ತಯಾರಾದ ಈ ಗಾಡಿಯ ಕೊನೆಯ ಟ್ಯಾಕ್ಸಿ ತಾರ್ದೇವ್‌ನಲ್ಲಿ ನೋಂದಣಿಯಾದದ್ದು 29 ಅಕ್ಟೋಬರ್ 2003ಕ್ಕೆ. 20 ವರ್ಷದ ಮಿತಿ ಮುಗಿದು 2023ರಲ್ಲಿ ಅದೂ ಇಳಿಯಿತು. ಈಗ ಸ್ಟ್ಯಾಂಡಿಗೆ ಹೋಗಿ ಅಳೆಯುವ ಹಾಗಿಲ್ಲ.

ಉಳಿದಿರುವ ಖಾಸಗಿ ಗಾಡಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ರಿಪೇರಿಯಾಗುತ್ತ ಬಂದ ಗಾಡಿಯಲ್ಲಿ ಒಂದು ವರ್ಷದ ಜಾಲರಿ, ಇನ್ನೊಂದು ವರ್ಷದ ಬಂಪರು, ಅಂಗಡಿಯಲ್ಲಿ ಸಿಕ್ಕಿದ ದೀಪ. ನಿಜದ ಗಾಡಿಯೇ ತಪ್ಪಾಗಿರುತ್ತದೆ! ಆ ಕಾಲದಲ್ಲೇ ತೆಗೆದ ಫೋಟೋ ಸಿಕ್ಕರೆ ಅದೇ ಮೇಲು. ಊರಿನ ಮದುವೆ ಆಲ್ಬಮ್‌ಗಳಲ್ಲಿ ಹೂವು ಕಟ್ಟಿದ ಫಿಯಾಟ್ (ಪದ್ಮಿನಿಯನ್ನು ಜನ ಕರೆಯುತ್ತಿದ್ದದ್ದು ಹಾಗೇ) ಒಂದಾದರೂ ಇದ್ದೇ ಇರುತ್ತದೆ, ಹುಡುಕಿ.

ಹೊರಗಿನಿಂದ ಕೊಂಡ ಭಾಗಗಳು

ತೆಳು ಲೋಹದ ಹಾಳೆಯಲ್ಲಿ ಕೊರೆದ ಭಾಗಗಳು ಎಲ್ಲದಕ್ಕೂ ಮದ್ದಲ್ಲ. ಜಾಲರಿಗೆ, ವೈಪರಿಗೆ, ಹೆಸರಿನ ಫಲಕಕ್ಕೆ ಒಳ್ಳೇದು. ಬಾಗಿಲ ಹಿಡಿಗೆ, ಕನ್ನಡಿಗೆ ಬೇಡ, ಯಾಕೆಂದರೆ ಅವು ದುಂಡಗಿನ ವಸ್ತುಗಳು, ಹಾಳೆ ಚಪ್ಪಟೆ. ಪ್ಲಾಸ್ಟಿಕ್ ವೈಪರ್ ತೋಳು 0.6 ಮಿ.ಮೀ. ದಪ್ಪ ಇದ್ದರೆ ನಿಜದಲ್ಲಿ 14 ಮಿ.ಮೀ. ಆಯಿತು, ಕಬ್ಬಿಣದ ಸರಳಿನಷ್ಟು. ಬದಲಿಸುವುದಾದರೆ ಮೊದಲು ಅದನ್ನೇ ಬದಲಿಸಿ.

ರೆಸಿನ್ ಭಾಗ ಯಾರದೋ ಭಾಗದ ನಕಲಿನ ನಕಲಾಗಿದ್ದರೆ ಪ್ರತಿ ಸಲ ಎರಕ ಹೊಯ್ದಾಗಲೂ ಸ್ವಲ್ಪ ಕುಗ್ಗಿರುತ್ತದೆ. ಬಾನೆಟ್ ಸುತ್ತ ಸಂದು ಒಂದೇ ಸಮ ಜಾಸ್ತಿ ಕಂಡರೆ ಅದೇ ಕಾರಣ, ಉಜ್ಜಿ ಪ್ರಯೋಜನವಿಲ್ಲ. ಬಾಗಿದ್ದರೆ ಮಾತ್ರ ಬಿಸಿನೀರಲ್ಲಿ ಅದ್ದಿ ನೇರ ಮಾಡಬಹುದು.

ಕ್ರೋಮ್ ಭಾಗ ಕನ್ನಡಿಯಂತೆ ಹೊಳೆದು ಆಟಿಕೆ ಅನ್ನಿಸಿದರೆ ಮನೆಯ ಬ್ಲೀಚ್ ನೀರಲ್ಲಿ ನೆನೆಹಾಕಿ, ಲೇಪ ಬಿಡುತ್ತದೆ. ಬ್ಲೀಚಿಗೆ ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಯಾವತ್ತೂ ಬೆರೆಸಬೇಡಿ, ವಿಷದ ಅನಿಲ ಬರುತ್ತದೆ. ಲೇಪ ಇದ್ದ ಜಾಗಕ್ಕೆ ಮಾಡೆಲ್ ಅಂಟು ಹಿಡಿಯುವುದಿಲ್ಲ, ಕೆರೆದು ಅಂಟಿಸಿ. ಗಾಜಿಗೆ ಫೆವಿಕ್ವಿಕ್ ಬೇಡ, ಬಿಳಿ ಮಂಜು ಕಟ್ಟುತ್ತದೆ, ಫೆವಿಕಾಲ್ ಸಾಕು. ಹಳೇ ಕಿಟ್ಟಿನ ವಿನೈಲ್ ಟೈರು ಪ್ಲಾಸ್ಟಿಕ್ ರಿಮ್ಮನ್ನು ಕರಗಿಸಿದ್ದರೆ ಟೈರನ್ನೇ ಬಿಸಾಕಿ.

ಬಣ್ಣ ಮತ್ತು ಗೆರೆ

ಬಾಗಿಲಿನ ಗೆರೆಗೆ ಅಪ್ಪಟ ಕಪ್ಪು ಹರಿಸಿದರೆ ಗಾಡಿ ಕಾರ್ಟೂನ್ ಆಗುತ್ತದೆ. ನಿಜದ ಗಾಡಿಯಲ್ಲಿ ಸಂದು ನಾಲ್ಕೈದು ಮಿ.ಮೀ., ಮಾಡೆಲ್‌ನಲ್ಲಿ 0.2 ಇರಬೇಕಾದದ್ದು 0.4 ಇರುತ್ತದೆ. ಮೊದಲೇ ಅಗಲವಾದದ್ದನ್ನು ಕಪ್ಪು ಇನ್ನೂ ಅಗಲ ಮಾಡುತ್ತದೆ. ಬಾಡಿ ಬಣ್ಣದ್ದೇ ಗಾಢ ಛಾಯೆ ಹಾಕಿ. ಕಾರಿನ ಅಂಗಡಿಯ ಮೆಟಾಲಿಕ್ ಸ್ಪ್ರೇ ಕೂಡ ಹೀಗೇ ಕೈ ಕೊಡುತ್ತದೆ. ಮಿನುಗಿನ ಕಣ ದೊಡ್ಡದು, ದ್ರಾವಕ ತೀಕ್ಷ್ಣ. ಪ್ರೈಮರ್ ಇಲ್ಲದೆ ಹೊಡೆದರೆ ಪ್ಲಾಸ್ಟಿಕ್ ಮೈ ಸುಕ್ಕಾಗುತ್ತದೆ. ಕೆಂಪು ಪ್ಲಾಸ್ಟಿಕ್ ಮೇಲೆ ಬಿಳಿ ಹೊಡೆದು ಅದು ಗುಲಾಬಿಯಾದರೆ ಕೆಳಗಿನ ಬಣ್ಣ ಮೇಲೆ ಬಂದಿದೆ, ನಡುವೆ ಒಂದು ಕೋಟ್ ಸಿಲ್ವರ್ ಕೊಡಿ. ಜುಲೈ ಆಗಸ್ಟಿನಲ್ಲಿ ಮುಂಬೈಯಲ್ಲಿ ಲ್ಯಾಕರ್ ಹೊಡೆದರೆ ತೇವಕ್ಕೆ ಹಾಲಿನ ಪೊರೆ ಕಟ್ಟುತ್ತದೆ. ಎಸಿ ಕೋಣೆ ಇಲ್ಲದಿದ್ದರೆ ಆ ಎರಡು ತಿಂಗಳು ಸೀಟು ಡ್ಯಾಶ್‌ಬೋರ್ಡ್ ಮಾಡಿಕೊಂಡಿರಿ.

ಇನ್ನೂ ಸರಿಯಾಗಿಲ್ಲವೇ? ಆಗ ಬಾಡಿ

ಇಷ್ಟೆಲ್ಲ ದಾಟಿ ಬಂದ ಮೇಲೂ ತಪ್ಪು ಕಂಡರೆ ಬಾಡಿ ನಿಜವಾಗಿ ತಪ್ಪಿರಬಹುದು. ಅಳತೆಯಿಂದಲೇ ಹಿಡಿಯಿರಿ. ನೇರ ಪಕ್ಕದ ಫೋಟೋವನ್ನು ವೀಲ್‌ಬೇಸ್ ನಿಮ್ಮ ಮಾಡೆಲ್‌ನಷ್ಟೇ ಬರುವಂತೆ ಪ್ರಿಂಟ್ ಹಾಕಿಸಿ. ಝೆರಾಕ್ಸ್ ಅಂಗಡಿಯಲ್ಲಿ ಶೇಕಡಾ ಹೇಳಿದರೆ ಮಾಡಿಕೊಡುತ್ತಾರೆ. ಆ ಹಾಳೆಯ ಮೇಲೆ ಬಾಡಿ ಹಿಡಿದು ಮೂರೇ ಜಾಗ ನೋಡಿ: ಮುಂದಿನ ಗಾಜು ಬಾನೆಟ್ಟಿಗೆ ಸೇರುವ ಬಿಂದು, ಚಾವಣಿಯ ಅತಿ ಎತ್ತರದ ಬಿಂದು, ಕಿಟಕಿಯ ಕೆಳಗೆರೆ. ಈ ಮೂರೂ ಒಂದು ಮಿಲಿಮೀಟರ್ ಒಳಗೆ ಹೊಂದಿದರೆ ಬಾಡಿ ಒಳ್ಳೇದೇ, ಕೈ ತೆಗೆಯಿರಿ. ಪಕ್ಕದ ಬಾಗಿಲುಗಳು ಸ್ವಲ್ಪ ನೆಟ್ಟಗಿರುವುದು ಬಾಡಿ ಅಚ್ಚಿನಿಂದ ಬಿಡಿಸಿಕೊಂಡು ಬರಬೇಕಾದ ಕಾರಣಕ್ಕೆ, ಅದನ್ನು ಸಹಿಸಿಕೊಳ್ಳಿ.

ಕಿಟಕಿಯ ಕೆಳಗೆರೆ ಮಾತ್ರ ತಪ್ಪಿದ್ದರೆ ಉಜ್ಜಿ ಸರಿಮಾಡಬಹುದು, ಒಂದು ಭಾನುವಾರದ ಕೆಲಸ. ಚಾವಣಿ ತಪ್ಪಿದ್ದರೆ ನಾಲ್ಕೂ ಕಂಬ ಕೊಯ್ಯಬೇಕು, ಗಾಜು ಹೊಸದಾಗಿ ಮಾಡಬೇಕು. ಅದಕ್ಕೆ ಕೈ ಹಾಕುವ ಮೊದಲು ಅದೇ ಗಾಡಿಯ ಬೇರೆ ಕಂಪನಿ ಕಿಟ್ ಇದೆಯಾ ನೋಡಿ. ಕೊಯ್ಯುವ ಶ್ರಮಕ್ಕಿಂತ ಅದರ ಬೆಲೆ ಹೆಚ್ಚಿನ ಸಲ ಕಡಿಮೆಯೇ ಬೀಳುತ್ತದೆ. ಹಳೇ ಕಿಟ್ಟಿನ ಚಕ್ರ, ಸೀಟು, ದೀಪಗಳನ್ನು ಬಿಚ್ಚಿ ಅಳತೆ ಬರೆದ ಚೀಟಿಯ ಸಮೇತ ಡಬ್ಬಿಗೆ ಹಾಕಿಡಿ.